ಎಣಿಸಿದ್ದೆಷ್ಟು, ಹಾರಿದ್ದೆಷ್ಟು?

ಅಮೆರಿಕದ ಮಿನೆಸೋಟ ರಾಜ್ಯದ ಡುಲೂತ್ ನಗರಕ್ಕೆ ತಾಗಿಕೊಂಡು ಹಾಕ್ ರಿಜ್ ಎಂಬ ಗುಡ್ಡದ ಸಾಲಿದೆ. ಕೆಳಗೆ ಸುಪೀರಿಯರ್ ಸರೋವರ. 2003ರ ಸೆಪ್ಟೆಂಬರ್ 15ರಂದು ಈ ಗುಡ್ಡದ ಮೇಲೆ ನಿಂತ ವೀಕ್ಷಕರು ಒಂದೇ ಹಗಲಿನಲ್ಲಿ 1,01,698 ಬ್ರಾಡ್‌ವಿಂಗ್ಡ್ ಹಾಕ್‌ಗಳನ್ನು, ಅಂದರೆ ಅಗಲ ರೆಕ್ಕೆಯ ಗಿಡುಗಗಳನ್ನು, ಎಣಿಸಿದರು. ಬೇಟೆ ಹಕ್ಕಿಗಳ ವಲಸೆಯನ್ನು ಕುರಿತ ಬರಹಗಳಲ್ಲಿ ಈ ಸಂಖ್ಯೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಓದಿದವರು ಬೆರಗಾಗುತ್ತಾರೆ. ಬೆರಗಾಗುವುದು ಸಹಜ. ಆದರೆ ವಿಜ್ಞಾನದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ಸಂಖ್ಯೆ ಏನನ್ನು ಅಳೆಯುತ್ತದೆ? ಅದರಿಂದ ಗಿಡುಗಗಳ ಸಂತತಿಯ ಬಗ್ಗೆ ನಾವು ಏನನ್ನು ತೀರ್ಮಾನಿಸಬಹುದು, ಏನನ್ನು ತೀರ್ಮಾನಿಸಬಾರದು?

ಶರತ್ಕಾಲದ ಈ ಎಣಿಕೆಗಳನ್ನು ಹೊಗಳುವ ಲೇಖನಗಳು ಬೇಕಾದಷ್ಟಿವೆ. ಅವುಗಳನ್ನು ಅಳತೆಯ ಒಂದು ಸಾಧನವೆಂದು ಭಾವಿಸಿ, ತಕ್ಕಡಿಯನ್ನೋ ಉಷ್ಣಮಾಪಕವನ್ನೋ ಪರಿಶೀಲಿಸುವಂತೆ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸರೋವರದ ದಡವೇ ಏಕೆ?

ಸುಪೀರಿಯರ್ ಸರೋವರದ ವಿಸ್ತೀರ್ಣ ಸುಮಾರು 82,000 ಚದರ ಕಿಲೋಮೀಟರ್. ಮೇಲ್ಮೈ ವಿಸ್ತೀರ್ಣದ ಲೆಕ್ಕದಲ್ಲಿ ಇದು ಪ್ರಪಂಚದ ಅತಿ ದೊಡ್ಡ ಸಿಹಿನೀರಿನ ಸರೋವರ. ಕೆನಡಾದ ಕಾಡುಗಳಲ್ಲಿ ಮರಿ ಮಾಡಿದ ಗಿಡುಗಗಳು ಶರತ್ಕಾಲದಲ್ಲಿ ದಕ್ಷಿಣಕ್ಕೆ ಹೊರಟಾಗ ಈ ನೀರಿನ ಹರವು ಅಡ್ಡ ಬರುತ್ತದೆ.

ಅಗಲ ರೆಕ್ಕೆಯ ಗಿಡುಗದಂಥ ಹಕ್ಕಿಗಳು ದೂರ ಪ್ರಯಾಣದಲ್ಲಿ ರೆಕ್ಕೆ ಬಡಿಯುವುದು ಕಡಿಮೆ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯ ಸ್ತಂಭದಲ್ಲಿ ಸುತ್ತುತ್ತಾ ಎತ್ತರಕ್ಕೇರಿ, ಅಲ್ಲಿಂದ ರೆಕ್ಕೆ ಚಾಚಿ ಜಾರುತ್ತಾ ಮುಂದಿನ ಸ್ತಂಭವನ್ನು ಸೇರುತ್ತವೆ. ಹೀಗೆ ಮಾಡಿದರೆ ದೇಹದ ಕೊಬ್ಬು ಉಳಿಯುತ್ತದೆ. ತಣ್ಣನೆಯ ನೀರಿನ ಮೇಲೆ ಇಂಥ ಸ್ತಂಭಗಳು ಏಳುವುದಿಲ್ಲ. ಆದ್ದರಿಂದ ಹಕ್ಕಿಗಳು ನೀರನ್ನು ದಾಟದೆ, ನೈಋತ್ಯಕ್ಕೆ ಚಾಚಿರುವ ದಡವನ್ನು ಹಿಡಿದು ಸಾಗುತ್ತವೆ. ದಡ ಮುಗಿಯುವ ಪಶ್ಚಿಮದ ತುದಿಯಲ್ಲಿ ಡುಲೂತ್ ಇದೆ. ಅಗಲವಾದ ಪ್ರದೇಶದಿಂದ ಬಂದ ಹಕ್ಕಿಗಳು ಆಲಿಕೆಯಲ್ಲಿ ಸುರಿದ ನೀರಿನಂತೆ ಇಲ್ಲಿ ಒಂದು ಕಿರಿದಾದ ದಾರಿಗೆ ಬಂದು ಸೇರುತ್ತವೆ.

ಈ ಆಲಿಕೆ ಎಲ್ಲ ದಿನವೂ ಒಂದೇ ಅಳತೆಯದಲ್ಲ ಎಂಬುದನ್ನು ಗಮನಿಸಿ. ಶೀತ ಮಾರುತದ ಅಲೆಯೊಂದು ದಾಟಿಹೋದ ಮೇಲೆ ವಾಯುವ್ಯದಿಂದ ಗಾಳಿ ಬೀಸಿದರೆ ಹಕ್ಕಿಗಳು ದಡದ ಕಡೆಗೆ ತಳ್ಳಲ್ಪಟ್ಟು ಗುಡ್ಡದ ಮೇಲೆ ಹಾದುಹೋಗುತ್ತವೆ. ಗಾಳಿ ಪೂರ್ವದಿಂದ ಬಂದರೆ ಅವು ಒಳನಾಡಿನ ಮೇಲೆ ಚದುರಿ ಹಾರುತ್ತವೆ, ಇಲ್ಲವೇ ಹಾರಾಟವನ್ನೇ ಮುಂದೂಡುತ್ತವೆ. ಆ ದಿನ ಗುಡ್ಡದ ಮೇಲಿನ ಪುಸ್ತಕದಲ್ಲಿ ಬೆರಳೆಣಿಕೆಯ ಹಕ್ಕಿಗಳಷ್ಟೇ ದಾಖಲಾಗಬಹುದು.

ಎಣಿಕೆ ನಡೆಯುವ ಬಗೆ

ಹಾಕ್ ರಿಜ್‌ನಲ್ಲಿ ಹಿಂದೆ ಜನ ಬಂದೂಕು ಹಿಡಿದು ಬರುತ್ತಿದ್ದರು. ತಗ್ಗಾಗಿ ಹಾರುವ ಗಿಡುಗಗಳನ್ನು ಹೊಡೆಯುವುದು ಒಂದು ವಿನೋದವಾಗಿತ್ತು. ಡುಲೂತ್‌ನ ಪಕ್ಷಿಪ್ರೇಮಿಗಳ ಪ್ರಯತ್ನದಿಂದ ಅದು ನಿಂತು, 1950ರ ದಶಕದಲ್ಲಿ ಎಣಿಕೆ ಆರಂಭವಾಯಿತು. 1972ರಿಂದ ಆಗಸ್ಟ್ ಮಧ್ಯಭಾಗದಿಂದ ನವೆಂಬರ್ ಕೊನೆಯವರೆಗೆ ಕ್ರಮಬದ್ಧವಾಗಿ ನಡೆಯುತ್ತಿದೆ. ಅರ್ಧ ಶತಮಾನವನ್ನು ಮೀರಿದ ದತ್ತಾಂಶ ಅಲ್ಲಿ ಸೇರಿದೆ.

ವಿಧಾನ ಸರಳವಾಗಿದೆ. ವೀಕ್ಷಕರು ದುರ್ಬೀನಿನಿಂದ ಆಕಾಶವನ್ನು ಸತತವಾಗಿ ಜಾಲಾಡುತ್ತಾರೆ. ಕಂಡ ಹಕ್ಕಿಯ ಜಾತಿಯನ್ನು, ಸಾಧ್ಯವಾದರೆ ವಯಸ್ಸನ್ನು ಗುರುತಿಸಿ ಗಂಟೆಗೊಮ್ಮೆ ದಾಖಲಿಸುತ್ತಾರೆ. ಜೊತೆಗೆ ಗಾಳಿಯ ದಿಕ್ಕು, ವೇಗ, ಉಷ್ಣತೆ, ಮೋಡ, ಗೋಚರತೆ ಇವನ್ನೂ ಬರೆದಿಡುತ್ತಾರೆ. ಬಿಸಿಗಾಳಿಯ ಸ್ತಂಭದಲ್ಲಿ ನೂರಾರು ಗಿಡುಗಗಳು ಸುತ್ತುತ್ತಿರುವಾಗ ಎಣಿಸುವುದು ಕಷ್ಟ. ಅವು ಸ್ತಂಭದ ತುದಿಯಿಂದ ಹೊರಬಿದ್ದು ಸಾಲಾಗಿ ಜಾರತೊಡಗಿದಾಗ ಎಣಿಸುತ್ತಾರೆ. ಸಾಲು ದಟ್ಟವಾಗಿದ್ದರೆ ಒಂದೊಂದಾಗಿ ಎಣಿಸಲು ಸಾಧ್ಯವಾಗದೆ ಹತ್ತರ ಗುಂಪುಗಳಲ್ಲಿ ಎಣಿಸಬೇಕಾಗುತ್ತದೆ.

ಇಲ್ಲಿಯೇ ಮೊದಲ ಆಕ್ಷೇಪಣೆ ಏಳುತ್ತದೆ. 1,01,698 ಎಂಬ ಸಂಖ್ಯೆಯಲ್ಲಿ ಕೊನೆಯ 8ಕ್ಕೆ ಏನು ಬೆಲೆ? ಪ್ರಯೋಗಾಲಯದಲ್ಲಿ ಸಾಮಾನ್ಯ ಅಳತೆಪಟ್ಟಿಯಿಂದ ಅಳೆದ ಉದ್ದವನ್ನು ಮಿಲಿಮೀಟರಿನ ಸಾವಿರದ ಒಂದು ಭಾಗದವರೆಗೆ ಬರೆದರೆ ಅಧ್ಯಾಪಕರು ಅಂಕ ಕಳೆಯುತ್ತಾರೆ. ಸಾರ್ಥಕ ಅಂಕಿಗಳ ನಿಯಮ ಹಕ್ಕಿಗಳಿಗೂ ಅನ್ವಯಿಸುತ್ತದೆ. ದಟ್ಟ ಗುಂಪುಗಳನ್ನು ಕಣ್ಣಳತೆಯಲ್ಲಿ ಎಣಿಸುವಾಗ ಮನುಷ್ಯರು ಸಾಮಾನ್ಯವಾಗಿ ಕಡಿಮೆ ಎಣಿಸುತ್ತಾರೆ. ಹಾಗಿರುವಾಗ "ಒಂದು ಲಕ್ಷಕ್ಕೂ ಹೆಚ್ಚು" ಎನ್ನುವುದು ಪ್ರಾಮಾಣಿಕ ಹೇಳಿಕೆ. ಆರು ಅಂಕಿಗಳ ಸಂಖ್ಯೆ ದಾಖಲೆ ಪುಸ್ತಕದಲ್ಲಿ ಇರಲಿ. ಅದನ್ನು ಓದುವವರು ಮಾತ್ರ ಅದರ ಎಡಗಡೆಯ ಅಂಕಿಗಳನ್ನಷ್ಟೇ ನಂಬಬೇಕು.

ಒಂದು ಸಂಖ್ಯೆಯೊಳಗೆ ಮೂರು

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಂಭೀರವಾದುದು. ವೀಕ್ಷಕ ಬರೆದಿಟ್ಟ ಸಂಖ್ಯೆ ಮೂರು ರಾಶಿಗಳ ಗುಣಲಬ್ಧ. ಮೊದಲನೆಯದು ಆ ಪ್ರಾಂತ್ಯದಿಂದ ಹೊರಟ ಒಟ್ಟು ಹಕ್ಕಿಗಳು. ಎರಡನೆಯದು ಅವುಗಳಲ್ಲಿ ಗುಡ್ಡದ ಕಣ್ಣೋಟದೊಳಗೆ ಹಾದುಹೋದ ಅಂಶ. ಮೂರನೆಯದು ಹಾಗೆ ಹಾದುಹೋದವುಗಳಲ್ಲಿ ವೀಕ್ಷಕರ ಕಣ್ಣಿಗೆ ಬಿದ್ದ ಅಂಶ.

ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡೋಣ. 10,000 ಹಕ್ಕಿಗಳು ಹೊರಟವು ಎಂದುಕೊಳ್ಳಿ. ಶೇಕಡಾ 40ರಷ್ಟು ಗುಡ್ಡದ ಬಳಿ ಹಾದವು. ಅವುಗಳಲ್ಲಿ ಶೇಕಡಾ 75ರಷ್ಟು ಕಣ್ಣಿಗೆ ಬಿದ್ದವು. ದಾಖಲಾದ ಸಂಖ್ಯೆ 3,000. ಮರುವರ್ಷವೂ ಅಷ್ಟೇ ಹಕ್ಕಿಗಳು ಹೊರಟವು. ಆದರೆ ವಾಯುವ್ಯದ ಗಾಳಿ ಹೆಚ್ಚು ದಿನ ಬೀಸಿ ಶೇಕಡಾ 60ರಷ್ಟು ಗುಡ್ಡದ ಬಳಿ ಬಂದವು. ಈಗ ದಾಖಲಾದ ಸಂಖ್ಯೆ 4,500. ಒಂದು ಹಕ್ಕಿಯೂ ಹೆಚ್ಚದೆ ಎಣಿಕೆ ಒಂದೂವರೆ ಪಟ್ಟಾಯಿತು. ಮರುದಿನದ ಪತ್ರಿಕೆಯಲ್ಲಿ "ಗಿಡುಗಗಳ ಸಂಖ್ಯೆಯಲ್ಲಿ ಭಾರಿ ಏರಿಕೆ" ಎಂಬ ಶೀರ್ಷಿಕೆ ಬಂದರೆ ಅದು ಗಾಳಿಯ ವರದಿಯೇ ಹೊರತು ಗಿಡುಗಗಳ ವರದಿಯಲ್ಲ.

ಮೂರನೆಯ ಅಂಶವೂ ಸ್ಥಿರವಲ್ಲ. ಮೋಡವಿಲ್ಲದ ನೀಲಿ ಆಕಾಶದಲ್ಲಿ ಬಹಳ ಎತ್ತರಕ್ಕೇರಿದ ಗಿಡುಗ ಕಾಣುವುದೇ ಇಲ್ಲ. ಬಿಳಿ ಮೋಡದ ಹಿನ್ನೆಲೆಯಿದ್ದರೆ ಅದೇ ಹಕ್ಕಿ ಚುಕ್ಕೆಯಾಗಿ ಕಾಣುತ್ತದೆ. ಒಬ್ಬ ವೀಕ್ಷಕ ಇದ್ದಾಗ ತಪ್ಪಿಹೋಗುವ ಹಕ್ಕಿ ಮೂವರಿದ್ದಾಗ ಸಿಕ್ಕಿಬೀಳುತ್ತದೆ. ಹಾಗಾಗಿ ಎಷ್ಟು ಜನ, ಎಷ್ಟು ಗಂಟೆ ನೋಡಿದರು ಎಂಬುದನ್ನು ಹೇಳದೆ ಎಷ್ಟು ಹಕ್ಕಿ ಎಂದು ಮಾತ್ರ ಹೇಳುವ ವರದಿ ಅಪೂರ್ಣ. ಗಿಡುಗಗಳ ಎಣಿಕೆಯಲ್ಲಿ ಗಂಟೆಗಳ ಕಾಲಂ ಹಕ್ಕಿಗಳ ಕಾಲಂನಷ್ಟೇ ಮುಖ್ಯ.

ಹೆಚ್ಚಾದರೆ ಹಿಗ್ಗಬೇಕೆ?

ಸಂಖ್ಯೆ ಏರಿದರೆ ಒಳ್ಳೆಯದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹಾಕ್ ರಿಜ್‌ನ ದಾಖಲೆಗಳೇ ಇದನ್ನು ಅಲುಗಾಡಿಸುತ್ತವೆ. ಗಾಸ್‌ಹಾಕ್ ಎಂಬ ಬಲಿಷ್ಠ ಗಿಡುಗ ಉತ್ತರದ ಕಾಡುಗಳ ನಿವಾಸಿ. ಸಾಮಾನ್ಯ ವರ್ಷಗಳಲ್ಲಿ ಅದರ ಬಹುಪಾಲು ವಯಸ್ಕ ಹಕ್ಕಿಗಳು ಅಲ್ಲಿಯೇ ಚಳಿಗಾಲ ಕಳೆಯುತ್ತವೆ. 1972 ಮತ್ತು 1982ರ ಶರತ್ಕಾಲಗಳಲ್ಲಿ ಮಾತ್ರ ತಲಾ 5,000ಕ್ಕೂ ಹೆಚ್ಚು ಗಾಸ್‌ಹಾಕ್‌ಗಳು ಹಾಕ್ ರಿಜ್‌ನಲ್ಲಿ ದಾಖಲಾದವು.

ಗಾಸ್‌ಹಾಕ್‌ಗಳ ಸಂತತಿ ಆ ವರ್ಷಗಳಲ್ಲಿ ಹಿಗ್ಗಿದ್ದರಿಂದ ಹೀಗಾಯಿತೆ? ಕಾರಣ ಹಸಿವು. ಅವುಗಳ ಆಹಾರವಾದ ಸ್ನೋಶೂ ಮೊಲಗಳ ಸಂಖ್ಯೆ ಉತ್ತರದ ಕಾಡುಗಳಲ್ಲಿ ಸುಮಾರು ಹತ್ತು ವರ್ಷಗಳ ಚಕ್ರದಲ್ಲಿ ಏರಿ ಇಳಿಯುತ್ತದೆ. ಗ್ರೌಸ್ ಎಂಬ ಕಾಡುಕೋಳಿಗಳೂ ಇಂಥದೇ ಏರಿಳಿತವನ್ನು ಕಾಣುತ್ತವೆ. ಬೇಟೆ ಕುಸಿದಾಗ ಗಾಸ್‌ಹಾಕ್‌ಗಳು ಗುಂಪಾಗಿ ದಕ್ಷಿಣಕ್ಕೆ ಇಳಿಯುತ್ತವೆ. ಅಂಥ ವರ್ಷಗಳಲ್ಲಿ ಮರಿಗಳ ಪ್ರಮಾಣ ಕಡಿಮೆಯಿದ್ದು ವಯಸ್ಕ ಹಕ್ಕಿಗಳೇ ಹೆಚ್ಚಾಗಿರುತ್ತವೆ. ಅಂದರೆ ಗುಡ್ಡದ ಮೇಲೆ ಹಬ್ಬವಾದ ವರ್ಷ ಕಾಡಿನಲ್ಲಿ ಬರ.

ಇನ್ನೂ ಒಂದು ಸೂಕ್ಷ್ಮವಿದೆ. ಕ್ರಮಬದ್ಧ ಎಣಿಕೆ ಆರಂಭವಾದದ್ದು 1972ರಲ್ಲಿ. ಗಾಸ್‌ಹಾಕ್‌ಗಳ ಮಟ್ಟಿಗೆ ಅದು ಶಿಖರದ ವರ್ಷ. ಶಿಖರದಿಂದ ಆರಂಭಿಸಿ ಸರಳರೇಖೆ ಎಳೆದರೆ ಅದು ಕೆಳಗೆ ಇಳಿಯದೆ ಬೇರೆ ದಾರಿಯಿಲ್ಲ. ಇಳಿಕೆ ನಿಜವೇ ಇರಬಹುದು. ಆದರೆ ಅದನ್ನು ತಿಳಿಯಲು ಶಿಖರದೊಡನೆ ಶಿಖರವನ್ನು, ಕಣಿವೆಯೊಡನೆ ಕಣಿವೆಯನ್ನು ಹೋಲಿಸಬೇಕು. ಮೊದಲ ವರ್ಷ ಮತ್ತು ಕೊನೆಯ ವರ್ಷಗಳನ್ನು ಮಾತ್ರ ಎತ್ತಿಕೊಂಡು ಶೇಕಡಾವಾರು ಬದಲಾವಣೆ ಹೇಳುವ ಅಭ್ಯಾಸ ಎಲ್ಲ ಕ್ಷೇತ್ರಗಳಲ್ಲಿಯೂ ಇದೆ. ಅದು ಎಲ್ಲ ಕಡೆಯೂ ತಪ್ಪು.

ಕಡಿಮೆಯಾದರೆ ಕುಗ್ಗಬೇಕೆ?

ಇದರ ವಿರುದ್ಧ ದಿಕ್ಕಿನ ತಪ್ಪೂ ಉಂಟು. ಅಮೆರಿಕದ ಹಲವು ವಲಸೆ ತಾಣಗಳಲ್ಲಿ ಕೆಂಪು ಬಾಲದ ಗಿಡುಗಗಳ ಎಣಿಕೆ ಇಳಿಯುತ್ತಾ ಬಂತು. ಅದೇ ಕಾಲದಲ್ಲಿ ಉತ್ತರದ ಪ್ರದೇಶಗಳ ಚಳಿಗಾಲದ ಗಣತಿಗಳಲ್ಲಿ ಅವುಗಳ ಸಂಖ್ಯೆ ಏರುತ್ತಿತ್ತು. ಎರಡನ್ನೂ ಜೊತೆಯಲ್ಲಿಟ್ಟು ನೋಡಿದಾಗ ವಿಷಯ ಸ್ಪಷ್ಟವಾಯಿತು. ಚಳಿಗಾಲಗಳು ಹಿಂದಿನಷ್ಟು ಕಠಿಣವಲ್ಲದ ಕಾರಣ ಅನೇಕ ಹಕ್ಕಿಗಳು ಅಷ್ಟು ದೂರ ಪ್ರಯಾಣ ಮಾಡದೆ ಉತ್ತರದಲ್ಲಿಯೇ ಉಳಿಯತೊಡಗಿದ್ದವು. ಎಣಿಕೆಯವರ ಮುಂದೆ ಹಾಯಲಿಲ್ಲ ಎಂದ ಮಾತ್ರಕ್ಕೆ ಹಕ್ಕಿ ಸತ್ತಿದೆ ಎಂದಲ್ಲ.

ಅಮೆರಿಕದ ಚಿಕ್ಕ ಚಾಣ, ಅಂದರೆ ಅಮೆರಿಕನ್ ಕೆಸ್ಟ್ರೆಲ್‌ನ ಕಥೆ ಬೇರೆ. ವಲಸೆ ತಾಣಗಳ ಎಣಿಕೆ ಇಳಿದದ್ದಲ್ಲದೆ ಮರಿ ಮಾಡುವ ಕಾಲದ ಸಮೀಕ್ಷೆಗಳೂ, ಗೂಡುಪೆಟ್ಟಿಗೆಗಳ ದಾಖಲೆಗಳೂ ಅನೇಕ ಪ್ರದೇಶಗಳಲ್ಲಿ ಅದೇ ಇಳಿಕೆಯನ್ನು ತೋರಿಸಿದವು. ಮೂರು ಬೇರೆ ಬೇರೆ ಸಾಕ್ಷಿಗಳು ಒಂದೇ ಮಾತನ್ನು ಹೇಳಿದಾಗ ಅದನ್ನು ನಂಬಬೇಕಾಗುತ್ತದೆ. ಈ ಎರಡು ಹಕ್ಕಿಗಳ ವಿಷಯದಲ್ಲಿ ಗುಡ್ಡದ ಮೇಲಿನ ಎಣಿಕೆಯೊಂದನ್ನೇ ನೋಡಿದ್ದರೆ ಎರಡಕ್ಕೂ ಒಂದೇ ತೀರ್ಪು ಕೊಡುತ್ತಿದ್ದೆವು.

ಉತ್ತರ ಅಮೆರಿಕದ ಎಣಿಕೆಗಾರರು ಈ ದೋಷಗಳನ್ನು ಬಲ್ಲರು ಎಂಬುದನ್ನು ಇಲ್ಲಿ ಹೇಳಲೇಬೇಕು. 1974ರಲ್ಲಿ ಅವರು ಗಿಡುಗಗಳ ವಲಸೆಯನ್ನು ಅಭ್ಯಸಿಸುವ ಸಂಘವೊಂದನ್ನು ಕಟ್ಟಿ, ತಾಣಗಳ ದಾಖಲೆಗಳನ್ನು ಒಂದೇ ಮಾದರಿಗೆ ತರಲು ಶ್ರಮಿಸಿದರು. 2004ರಲ್ಲಿ ಹಲವು ಸಂಸ್ಥೆಗಳು ಸೇರಿ ತಾಣಗಳ ದತ್ತಾಂಶವನ್ನು ಒಟ್ಟಾಗಿ ವಿಶ್ಲೇಷಿಸುವ ಬೇಟೆ ಹಕ್ಕಿಗಳ ಸೂಚ್ಯಂಕ ಯೋಜನೆಯನ್ನು ಆರಂಭಿಸಿದವು. ಇಲ್ಲಿ ಸೂಚ್ಯಂಕ ಎಂಬ ಪದ ಮುಖ್ಯ. ಬೆಲೆ ಸೂಚ್ಯಂಕದಿಂದ ನಿಮ್ಮ ಮನೆಯ ಖರ್ಚು ಎಷ್ಟೆಂದು ತಿಳಿಯುವುದಿಲ್ಲ. ಖರ್ಚು ಯಾವ ದಿಕ್ಕಿನಲ್ಲಿ ಸಾಗುತ್ತಿದೆ ಎಂದು ತಿಳಿಯುತ್ತದೆ. ವಲಸೆಯ ಎಣಿಕೆಯೂ ಹಾಗೆಯೇ. ಅದು ಜನಗಣತಿಯಂತಲ್ಲ. ದೋಷ ಇರುವುದು ಎಣಿಸುವವರಲ್ಲಿ ಅಲ್ಲ, ಸೂಚ್ಯಂಕವನ್ನು ಗಣತಿ ಎಂದು ಓದುವ ನಮ್ಮಲ್ಲಿ.

ಎಣಿಕೆ ಎಚ್ಚರಿಸಿದ ಪ್ರಸಂಗ

ಇಷ್ಟೆಲ್ಲ ದೋಷಗಳಿದ್ದ ಮೇಲೆ ಎಣಿಸುವುದಾದರೂ ಏಕೆ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಪೆನ್ಸಿಲ್ವೇನಿಯದ ಹಾಕ್ ಮೌಂಟನ್‌ನಲ್ಲಿದೆ. ಇದು ಸರೋವರದ ದಡವಲ್ಲ, ಬೆಟ್ಟದ ಸಾಲು. ಇಲ್ಲಿಯೂ ಬಂದೂಕಿನ ಜಾಗಕ್ಕೆ ಎಣಿಕೆ ಬಂದದ್ದು. 1934ರಲ್ಲಿ ರೊಸಾಲಿ ಎಡ್ಜ್ ಎಂಬ ಮಹಿಳೆ ಈ ಬೆಟ್ಟವನ್ನು ಗುತ್ತಿಗೆಗೆ ಪಡೆದು ಬೇಟೆಯನ್ನು ನಿಲ್ಲಿಸಿದರು. ಅವರು ನೇಮಿಸಿದ ಮಾರಿಸ್ ಬ್ರೌನ್ ಹಾದುಹೋಗುವ ಹಕ್ಕಿಗಳನ್ನು ಎಣಿಸತೊಡಗಿದರು.

ಬ್ರೌನ್ ಬಿಳಿತಲೆಯ ಹದ್ದುಗಳನ್ನು ಎಣಿಸುವಾಗ ಎಳೆಯ ಹಕ್ಕಿಗಳನ್ನೂ ವಯಸ್ಕ ಹಕ್ಕಿಗಳನ್ನೂ ಬೇರೆ ಬೇರೆಯಾಗಿ ಬರೆದಿಟ್ಟರು. ಎಳೆಯ ಹದ್ದಿಗೆ ಬಿಳಿತಲೆ ಇರುವುದಿಲ್ಲವಾದ್ದರಿಂದ ಇದು ಸಾಧ್ಯ. 1935-39ರ ನಡುವೆ ಕಂಡ ಹದ್ದುಗಳಲ್ಲಿ ಶೇಕಡಾ 40ರಷ್ಟು ಎಳೆಯವು. 1955-59ರಲ್ಲಿ ಅವು ಶೇಕಡಾ 20ಕ್ಕೆ ಇಳಿದಿದ್ದವು. 1957ರಲ್ಲಂತೂ 32 ವಯಸ್ಕ ಹದ್ದುಗಳಿಗೆ ಒಂದೇ ಎಳೆಯ ಹದ್ದು. ರೇಚಲ್ ಕಾರ್ಸನ್ 1962ರಲ್ಲಿ ಪ್ರಕಟಿಸಿದ "ಸೈಲೆಂಟ್ ಸ್ಪ್ರಿಂಗ್" ಪುಸ್ತಕದಲ್ಲಿ ಡಿ.ಡಿ.ಟಿ.ಯ ವಿರುದ್ಧ ಬಳಸಿದ ಸಾಕ್ಷ್ಯಗಳಲ್ಲಿ ಇದೂ ಒಂದು. 1972ರಲ್ಲಿ ಅಮೆರಿಕ ಡಿ.ಡಿ.ಟಿ.ಯ ಕೃಷಿ ಬಳಕೆಯನ್ನು ನಿಷೇಧಿಸಿತು. ಬಿಳಿತಲೆಯ ಹದ್ದು ಚೇತರಿಸಿಕೊಂಡು 2007ರಲ್ಲಿ ಅಪಾಯದಂಚಿನ ಜೀವಿಗಳ ಪಟ್ಟಿಯಿಂದ ಹೊರಬಂತು.

ಈ ಸಾಕ್ಷ್ಯ ಏಕೆ ಗಟ್ಟಿಯಾಗಿತ್ತು ಎಂಬುದನ್ನು ಯೋಚಿಸಿ. ಗಾಳಿ ಬೇರೆ ದಿಕ್ಕಿಗೆ ಬೀಸಿದರೆ ಎಳೆಯವೂ ವಯಸ್ಕವೂ ಸುಮಾರಾಗಿ ಒಟ್ಟಿಗೇ ಕಡಿಮೆಯಾಗುತ್ತವೆ. ಅವುಗಳ ಅನುಪಾತ ಅಷ್ಟಾಗಿ ಬದಲಾಗುವುದಿಲ್ಲ. ಅನುಪಾತ ವರ್ಷಗಟ್ಟಲೆ ಒಂದೇ ದಿಕ್ಕಿನಲ್ಲಿ ಕುಸಿದರೆ ಗಾಳಿಯನ್ನು ದೂರುವಂತಿಲ್ಲ. ಗೂಡಿನಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ. ದಿನದ ದಾಖಲೆ ಮುರಿಯುವುದೇ ಗುರಿಯಾಗಿದ್ದರೆ ಬ್ರೌನ್ ಹದ್ದುಗಳ ವಯಸ್ಸನ್ನು ಬರೆದಿಡುತ್ತಿರಲಿಲ್ಲ.

ದೊಯಾಂಗ್ ಜಲಾಶಯದ ಲಕ್ಷಗಳು

ನಮ್ಮ ದೇಶದಲ್ಲಿಯೂ ಶರತ್ಕಾಲದಲ್ಲಿ ಬೇಟೆ ಹಕ್ಕಿಗಳು ಅಪಾರ ಸಂಖ್ಯೆಯಲ್ಲಿ ಸೇರುವ ನೀರಿನ ದಡವೊಂದಿದೆ. ಅದು ನಾಗಾಲ್ಯಾಂಡಿನ ವೋಖಾ ಜಿಲ್ಲೆಯ ದೊಯಾಂಗ್ ಜಲಾಶಯ. ಪೂರ್ವ ಸೈಬೀರಿಯ ಮತ್ತು ಉತ್ತರ ಚೀನಾಗಳಲ್ಲಿ ಮರಿ ಮಾಡುವ ಅಮೂರ್ ಚಾಣಗಳು ಅಕ್ಟೋಬರ್-ನವೆಂಬರ್‌ನಲ್ಲಿ ಇಲ್ಲಿಗೆ ಬಂದು, ರೆಕ್ಕೆಹುಳುಗಳನ್ನು ತಿಂದು ಕೊಬ್ಬು ಕೂಡಿಸಿಕೊಳ್ಳುತ್ತವೆ. ಆಮೇಲೆ ಭಾರತದ ಪರ್ಯಾಯ ದ್ವೀಪವನ್ನೂ ಅರಬ್ಬೀ ಸಮುದ್ರವನ್ನೂ ದಾಟಿ ಆಫ್ರಿಕಾದ ದಕ್ಷಿಣ ಭಾಗವನ್ನು ಸೇರುತ್ತವೆ.

2012ರಲ್ಲಿ ಇಲ್ಲಿ ಮೀನಿನ ಬಲೆಗಳನ್ನು ಮರಗಳ ನಡುವೆ ಕಟ್ಟಿ ಈ ಚಾಣಗಳನ್ನು ಹಿಡಿದು ಮಾರುತ್ತಿದ್ದುದು ಬೆಳಕಿಗೆ ಬಂತು. ದಿನಕ್ಕೆ 12,000ದಿಂದ 14,000, ಒಟ್ಟು 1,20,000ದಿಂದ 1,40,000 ಎಂಬ ಅಂದಾಜನ್ನು ಅದನ್ನು ಬಯಲಿಗೆಳೆದವರು ಮುಂದಿಟ್ಟರು. ಅದು ದಿನದ ಹಿಡಿತವನ್ನು ದಿನಗಳಿಂದ ಗುಣಿಸಿ ಪಡೆದ ಸಂಖ್ಯೆ. ಅದರಲ್ಲಿ ಕೆಳಮಿತಿ, ಮೇಲ್ಮಿತಿ ಎರಡೂ ಇದ್ದವು, ಲೆಕ್ಕದ ದಾರಿಯೂ ಕಾಣುವಂತಿತ್ತು. ಊರಿನವರೇ ಮುಂದೆ ಬಂದು ಬೇಟೆಯನ್ನು ನಿಲ್ಲಿಸಿದರು. 2013ರ ಶರತ್ಕಾಲದಲ್ಲಿ ಬಲೆಗಳು ಏಳಲಿಲ್ಲ. ಅಲ್ಲಿ ಅಗತ್ಯವಾಗಿದ್ದುದು ನಿಖರತೆಯಲ್ಲ, ಪ್ರಮಾಣದ ಅರಿವು. ಒರಟು ಅಂದಾಜು ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿತು.

ಅದೇ ತಾಣದ ಬಗ್ಗೆ ಆಮೇಲೆ ಪ್ರಚಾರದಲ್ಲಿರುವ "ಹತ್ತು ಲಕ್ಷ ಚಾಣಗಳು" ಎಂಬ ಮಾತಿಗೆ ಇಂಥ ಮೆಚ್ಚುಗೆ ಸಲ್ಲದು. ಅದನ್ನು ಹೇಳುವ ವರದಿಗಳು ಅದು ಒಂದು ಸಂಜೆಯದೋ ಇಡೀ ಋತುವಿನದೋ ಎಂದು ಸಾಮಾನ್ಯವಾಗಿ ತಿಳಿಸುವುದಿಲ್ಲ. ವ್ಯತ್ಯಾಸ ಸಣ್ಣದಲ್ಲ. ಹಾಕ್ ರಿಜ್‌ನಲ್ಲಿ ಹಕ್ಕಿ ಹಾದುಹೋಗುತ್ತದೆ. ದೊಯಾಂಗ್‌ನಲ್ಲಿ ಅದು ತಂಗುತ್ತದೆ. ಮತ್ತೊಂದು ಕಾಲ್ಪನಿಕ ಲೆಕ್ಕ ನೋಡಿ. 20 ದಿನ, ಪ್ರತಿ ಸಂಜೆ 1 ಲಕ್ಷ ಚಾಣಗಳು ಮರಗಳಲ್ಲಿ ಕೂರುತ್ತವೆ ಎನ್ನೋಣ. ಎಲ್ಲವನ್ನೂ ಕೂಡಿದರೆ 20 ಲಕ್ಷ. ಆದರೆ ಪ್ರತಿ ಹಕ್ಕಿಯೂ 5 ದಿನ ತಂಗುವುದಾದರೆ ನಿಜವಾಗಿ ಬಂದವು 4 ಲಕ್ಷ. 10 ದಿನ ತಂಗುವುದಾದರೆ 2 ಲಕ್ಷ. ತಂಗುವ ಅವಧಿ ಗೊತ್ತಿಲ್ಲದೆ ಋತುವಿನ ಮೊತ್ತವನ್ನು ಹೇಳಲಾಗದು. 2013ರಿಂದ ಕೆಲವು ಚಾಣಗಳಿಗೆ ಉಪಗ್ರಹ ಸಂಪರ್ಕದ ಪುಟ್ಟ ಸಾಧನಗಳನ್ನು ತೊಡಿಸಿ ಅವುಗಳ ದಾರಿಯನ್ನು ತಿಳಿಯಲಾಗುತ್ತಿದೆ. ದಾರಿ ತಿಳಿಯಲು ಕೆಲವೇ ಹಕ್ಕಿಗಳು ಸಾಕು. ಸಂಖ್ಯೆ ತಿಳಿಯಲು ಮಾತ್ರ ವರ್ಷವರ್ಷವೂ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಎಣಿಸುವವರು ಬೇಕು.

ಇದು ಬರಿಯ ಲೆಕ್ಕದ ಜಗಳವಲ್ಲ. ಇಂದು ಹತ್ತು ಲಕ್ಷ ಎಂದು ಉತ್ಸಾಹದಿಂದ ಬರೆದು, ಮುಂದೊಂದು ದಿನ ಯಾರೋ ಶ್ರದ್ಧೆಯಿಂದ ಎಣಿಸಿ ಮೂರು ಲಕ್ಷ ಎಂದರೆ ಏನಾದೀತು? ಚಾಣಗಳು ನಾಶವಾದವು ಎಂಬ ಹುಯಿಲೇಳಬಹುದು. ಬಂದೂಕನ್ನೂ ಬಲೆಯನ್ನೂ ಕೆಳಗಿಟ್ಟ ಊರಿನವರ ಮೇಲೆಯೇ ಸಂಶಯ ಬೀಳಬಹುದು. ಇದಕ್ಕಿಂತ ಕೆಟ್ಟದ್ದು, ನಿಜವಾದ ಇಳಿಕೆ ನಡೆದಾಗ ಅದನ್ನು ಅಳೆಯಲು ನಂಬಬಹುದಾದ ಆರಂಭದ ಅಂಕಿಯೇ ಇರುವುದಿಲ್ಲ.

ನಮ್ಮ ಕೆರೆಗಳ ದಡದಲ್ಲಿ

ಕರ್ನಾಟಕದಲ್ಲಿ ಹಾಕ್ ರಿಜ್‌ನಂಥ ಆಲಿಕೆ ಇಲ್ಲದಿರಬಹುದು. ಆದರೆ ಮಳೆಗಾಲ ಮುಗಿಯುತ್ತಿದ್ದಂತೆ ಉತ್ತರದಿಂದ ಬರುವ ಜೌಗು ಸೆಳೆವಗಳು, ಅಂದರೆ ಮಾರ್ಷ್ ಹ್ಯಾರಿಯರ್‌ಗಳು, ನಮ್ಮ ಕೆರೆಗಳ ಜೊಂಡಿನ ಮೇಲೆ ತಗ್ಗಾಗಿ ತೇಲುತ್ತಾ ಬೇಟೆಯಾಡುತ್ತವೆ. ಅವುಗಳ ಬಳಗದ ಇತರ ಸೆಳೆವಗಳು ಹುಲ್ಲುಗಾವಲುಗಳಲ್ಲಿ ಗುಂಪಾಗಿ ರಾತ್ರಿ ತಂಗುತ್ತವೆ. ಭಾರತದ ಇಂಥ ತಂಗುದಾಣಗಳ ಸುಮಾರು 30 ವರ್ಷಗಳ ಎಣಿಕೆಗಳನ್ನು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇಳಿಕೆಯನ್ನು ಸೂಚಿಸಿತು. ಅಲ್ಲಲ್ಲಿ ಯಾರೋ ಸಂಜೆ ನಿಂತು ಎಣಿಸಿ, ದಿನಾಂಕ ಹಾಕಿ ಬರೆದಿಟ್ಟಿದ್ದರಿಂದ ಅದು ಸಾಧ್ಯವಾಯಿತು.

ನಿಮ್ಮ ಶಾಲೆಯ ವಿಜ್ಞಾನ ಸಂಘ ಹತ್ತಿರದ ಕೆರೆಯೊಂದನ್ನು ಆರಿಸಿಕೊಳ್ಳಬಹುದು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ವಾರಕ್ಕೊಮ್ಮೆ, ದಡದ ಅದೇ ಜಾಗದಲ್ಲಿ, ಅದೇ ಒಂದು ಗಂಟೆ ನಿಂತರೆ ಸಾಕು. ಎಷ್ಟು ಮಂದಿ ನೋಡಿದಿರಿ, ಎಷ್ಟು ಹೊತ್ತು ನೋಡಿದಿರಿ, ಮೋಡವಿತ್ತೇ, ಗಾಳಿ ಎತ್ತಲಿಂದ ಬೀಸುತ್ತಿತ್ತು, ಕೆರೆಯಲ್ಲಿ ನೀರೆಷ್ಟಿತ್ತು ಎಂಬುದನ್ನು ಬರೆಯಿರಿ. ಜಾತಿ ಖಚಿತವಾಗದಿದ್ದರೆ "ಗುರುತಿಸಲಾಗದ ಬೇಟೆ ಹಕ್ಕಿ" ಎಂದು ಬರೆಯಿರಿ, ಊಹಿಸಿ ಹೆಸರಿಡಬೇಡಿ. ಒಂದೂ ಕಾಣದ ದಿನ ಪುಟವನ್ನು ಖಾಲಿ ಬಿಡದೆ ಸೊನ್ನೆ ಎಂದು ಬರೆಯಿರಿ. ಖಾಲಿ ಪುಟಕ್ಕೆ ಹಕ್ಕಿ ಬರಲಿಲ್ಲ ಎಂಬ ಅರ್ಥವೂ ಇರಬಹುದು, ನೀವು ಹೋಗಲಿಲ್ಲ ಎಂಬ ಅರ್ಥವೂ ಇರಬಹುದು. ಸೊನ್ನೆಗೆ ಒಂದೇ ಅರ್ಥ.

ಇಂಥ ಪುಸ್ತಕದಿಂದ ಮೊದಲ ವರ್ಷ ಏನೂ ತಿಳಿಯದು. ಐದನೆಯ ವರ್ಷವೂ ಹೆಚ್ಚೇನೂ ತಿಳಿಯಲಾರದು. ಇಂದು ಏಳನೆಯ ತರಗತಿಯಲ್ಲಿರುವ ಹುಡುಗಿ ಅದೇ ಶಾಲೆಗೆ ಅಧ್ಯಾಪಕಿಯಾಗಿ ಬರುವ ಹೊತ್ತಿಗೆ ಮಾತ್ರ, ಆ ಕೆರೆಯ ಬಗ್ಗೆ ಯಾರಾದರೂ ಕೇಳಿದರೆ, ತೋರಿಸಲು ಅವಳ ಕೈಯಲ್ಲಿ ನಂಬಬಹುದಾದ ಅಂಕಿಗಳಿರುತ್ತವೆ.